ತಿಂಥಣಿ ಬಸ್ಸು, ಏಳು ಮಂದಿ

ಹೊಸ ವಿದ್ಯಾರ್ಥಿಗಳು ಬರುವ ವಾರ ಎಂದರೆ ನನಗೆ ತಲೆಶೂಲೆ. ಸುರಪುರದ ಹೊರಗಿರುವ ಸ್ನಾತಕೋತ್ತರ ಕೇಂದ್ರವೊಂದರಲ್ಲಿ ನಾನು ಗ್ರಂಥಪಾಲಕಿ. ಎಂ.ಎ.ಗೆ ಸೇರಿದ ಹೊಸಬರನ್ನು ಗುಂಪುಗುಂಪಾಗಿ ಒಳಗೆ ಕರೆದು, ಲೈಬ್ರರಿ ಬಳಸುವುದನ್ನು ಹೇಳಿಕೊಡುವುದು ಪ್ರತಿವರ್ಷದ ನನ್ನ ಪಾಡು. ಅವರಲ್ಲಿ ಹೆಚ್ಚಿನವರು ಅದುವರೆಗೆ ಕಂಡ ಲೈಬ್ರರಿಯೆಂದರೆ ಬೀಗ ಜಡಿದ ಗಾಜಿನ ಕಪಾಟು. ಪುಸ್ತಕವನ್ನು ನೀವೇ ತೆಗೆದುಕೊಳ್ಳಿ ಎಂದರೆ, ಮುಟ್ಟಿದರೆ ಎಲ್ಲಿ ಬೈದಾಳೋ ಎಂದು ನನ್ನ ಮುಖ ನೋಡುತ್ತಾರೆ. ಬೈಯುತ್ತೇನೆ ಕೂಡ, ಅದು ಬೇರೆ ಮಾತು. ನನ್ನ ಬಾಯಿಯೇ ಅಂಥಾದ್ದು.

ಕಂಪ್ಯೂಟರಿನಲ್ಲಿ ಪುಸ್ತಕದ ನಂಬರು ನೋಡಿ ಚೀಟಿಯಲ್ಲಿ ಬರೆದುಕೊಳ್ಳಬೇಕು, ಆ ನಂಬರು ಹಿಡಿದು ರ್‍ಯಾಕಿಗೆ ಹೋಗಬೇಕು, ಕೆಲಸ ಮುಗಿದ ಚೀಟಿ ಕಸದ ಬುಟ್ಟಿಗೆ. ಓದಿದ ಪುಸ್ತಕವನ್ನು ತಾವೇ ವಾಪಸ್ ಇಡಬಾರದು, ಮೇಜಿನ ಮೇಲೆ ಬಿಟ್ಟು ಹೋಗಬೇಕು. ತಪ್ಪು ಜಾಗ ಸೇರಿದ ಪುಸ್ತಕ ಕಳೆದ ಪುಸ್ತಕವೇ. ಪೆನ್ಸಿಲಿನಲ್ಲಿ ಗೆರೆ ಎಳೆದರೆ ಕೈ ಮುರಿಯುತ್ತೇನೆ. ಎಂ.ಎ. ಮುಗಿಸಿ ಹೋಗುವಾಗ ಲೈಬ್ರರಿ ಕಾರ್ಡು ತಂದು ಒಪ್ಪಿಸಬೇಕು. ಇದೆಲ್ಲಕ್ಕಿಂತ ಮೊದಲು ಬಾಗಿಲ ಬಳಿಯ ರಿಜಿಸ್ಟರು: ಹೆಸರು, ಬಂದ ಹೊತ್ತು, ಹೋದ ಹೊತ್ತು, ಸಹಿ. ಆ ವರ್ಷ ಆ ದಪ್ಪ ರಿಜಿಸ್ಟರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಾನು ಹೇಳಿದ್ದು ಚೆನ್ನಾಗಿ ನೆನಪಿದೆ.

“ಇದರಾಗ ನಿಮ್ಮ ಹೆಸರು ಇಲ್ಲಂದ್ರ, ನೀವು ಇಲ್ಲಿಗೆ ಬಂದೇ ಇಲ್ಲ.”

ಎಲ್ಲರೂ ನಕ್ಕರು. ಒಬ್ಬಳು ಮಾತ್ರ ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೊಂಡಳು.

ತಿಂಥಣಿಯ ಹುಡುಗಿ. ಮನೆಯವರು ಹೊಳೆಯಲ್ಲಿ ಮೀನು ಹಿಡಿಯುವವರು. ತಂದೆ ಇಲ್ಲ, ದೊಡ್ಡಪ್ಪನೇ ಮನೆಯ ಯಜಮಾನ. ಊರಿನಲ್ಲಿ ಎಲ್ಲರೂ ಬೇಡವೆಂದರೂ ಆತ ಒಂದು ಕರಾರಿನ ಮೇಲೆ ಅವಳನ್ನು ಓದಲು ಕಳಿಸಿದ್ದ. ಹುಡುಗಿ ಕ್ಲಾಸಿನಲ್ಲಿರಬೇಕು, ಇಲ್ಲವೇ ಲೈಬ್ರರಿಯಲ್ಲಿರಬೇಕು. ಮೂರನೆಯ ಜಾಗದಲ್ಲಿ ಕಂಡಳೆಂಬ ಮಾತು ಒಂದು ಸಲ ಕಿವಿಗೆ ಬಿದ್ದರೂ ಓದು ಬಂದ್. ಇದನ್ನು ಅವಳೇ ನನಗೆ ಹೇಳಿದ್ದಳು, ಅದರಲ್ಲೇನೂ ಕಷ್ಟವಿಲ್ಲ ಎನ್ನುವ ಹಾಗೆ. ಕ್ಲಾಸು ಒಂದು ಗಂಟೆಗೆ ಮುಗಿಯುತ್ತಿತ್ತು. ಬಸ್ಸು ಐದಕ್ಕೆ. ಆ ನಾಲ್ಕು ಗಂಟೆ ಅವಳು ಕಿಟಕಿ ಪಕ್ಕದ ಮೇಜು ಬಿಟ್ಟು ಏಳುತ್ತಿರಲಿಲ್ಲ.

ಮೊದಲ ವಾರ ನಂಬರಿನಲ್ಲಿ ಚುಕ್ಕಿಯ ನಂತರ ಒಂಬತ್ತು ಇರುವ ಪುಸ್ತಕವನ್ನು ಚುಕ್ಕಿಯ ನಂತರ ಎಪ್ಪತ್ತೈದು ಇರುವುದಕ್ಕಿಂತ ಮೊದಲು ಹುಡುಕುತ್ತಾ ನಿಂತಿದ್ದಳು. ಎಪ್ಪತ್ತೈದಕ್ಕಿಂತ ಒಂಬತ್ತು ಸಣ್ಣದಲ್ಲವೇನ್ರಿ ಎಂದು ಕೇಳಿದಳು. ಚುಕ್ಕಿ ಬಿದ್ದ ಮೇಲೆ ಲೆಕ್ಕ ಬೇರೆ, ಯವ್ವಾ, ಎಂದು ಗದರಿಸಿಯೇ ಹೇಳಿಕೊಟ್ಟೆ. ತಿಂಗಳೊಪ್ಪತ್ತಿನಲ್ಲಿ ಉಳಿದವರಿಗೆ ಅವಳೇ ರ್‍ಯಾಕು ತೋರಿಸುತ್ತಿದ್ದಳು. ಓದುತ್ತಿದ್ದುದು ಶಾಸನಗಳ ದಪ್ಪ ಸಂಪುಟಗಳನ್ನು. ಅವುಗಳನ್ನು ಮನೆಗೆ ಕೊಡುವಂತಿಲ್ಲ, ಕೂತಲ್ಲೇ ಓದಬೇಕು. ಅವಳಿಗೆ ಅದೇ ಬೇಕಾಗಿತ್ತು. ಇಷ್ಟು ವರ್ಷದ ನನ್ನ ಕೂಗಾಟ ಒಬ್ಬಳಿಗಾದರೂ ತಲುಪಿತಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಇನ್ನು ನನ್ನ ಘನಂದಾರಿ ಕೆಲಸ ಹೇಳುತ್ತೇನೆ. ಕ್ಲಾಸು ಬಿಟ್ಟೊಡನೆ ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗುತ್ತಿದ್ದರು. ದಾರಕ್ಕೆ ಕಟ್ಟಿದ ಪೆನ್ನು ಒಂದೇ. ಸಾಲು ವರಾಂಡ ದಾಟಿ ಮೆಟ್ಟಿಲಿಗೆ ಇಳಿಯುತ್ತಿತ್ತು, ಗದ್ದಲವೋ ಗದ್ದಲ. ಇಲ್ಲಿನ ಹುಡುಗಿಯರದು ಎಲ್ಲಿ ಹೋದರೂ ಬಸ್ಸಿನ ಪ್ರಕಾರ ಗುಂಪು. ಒಂದೇ ಬಸ್ಸಿಗೆ ಬಂದವರು ಒಂದೇ ಕಡೆ ಬುತ್ತಿ ಬಿಚ್ಚುತ್ತಾರೆ, ಒಂದೇ ಮೇಜಿಗೆ ಕೂಡುತ್ತಾರೆ, ಸಂಜೆ ಕೂಡಿಯೇ ಓಡುತ್ತಾರೆ. ಒಂದು ದಿನ ತಲೆ ಕೆಟ್ಟು ಕೂಗಿದೆ, ಬಸ್ಸಿಗೊಬ್ಬರು ಬರೀರಿ ಸಾಕು, ನಿಮ್ಮ ಸಹಿ ತಗೊಂಡು ನಾ ಏನು ಉಪ್ಪಿನಕಾಯಿ ಹಾಕಲಾ ಎಂದು. ಮರುದಿನದಿಂದ ಅದೇ ರೂಢಿಯಾಯಿತು. ಶಹಾಪುರ ಬಸ್ಸು, ಹನ್ನೊಂದು ಮಂದಿ. ಯಾದಗಿರಿ ಬಸ್ಸು, ಐದು ಮಂದಿ. ತಿಂಥಣಿ ಬಸ್ಸು, ಏಳು ಮಂದಿ. ಸಂಜೆ ಕೂಡಿಸಿದರೆ ಎಣಿಕೆ ಸರಿಯಾಗಿಯೇ ಬರುತ್ತಿತ್ತು. ಎಂಥ ಉಪಾಯ ಮಾಡಿದೆನೆಂದು ಶಹಾಪುರದ ನಮ್ಮ ಮನೆಯಲ್ಲೂ ಹೇಳಿಕೊಂಡಿದ್ದೆ.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಆ ದೊಡ್ಡಪ್ಪ ಬಂದ. ಚಪ್ಪಲಿಯನ್ನು ಹೊರಗೆ ಬಿಟ್ಟು, ಹೆಗಲ ವಸ್ತ್ರ ಸರಿಮಾಡಿಕೊಂಡು, ಕೂಡಿರಿ ಎಂದರೂ ಕೂಡದೆ ನಿಂತ. ಹಿಂದಿನ ಎರಡು ಸೋಮವಾರ ಮೂರು ಗಂಟೆಗೆ ಅವರ ಹುಡುಗಿ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾವನೋ ಹುಡುಗನ ಜೊತೆ ನಿಂತಿದ್ದಳೆಂದು ಊರಿನವನೊಬ್ಬ ನಾಲ್ಕು ಮಂದಿಯ ಎದುರು ಹೇಳಿದ್ದನಂತೆ. ಆತ ಜಗಳಕ್ಕೆ ಬಂದಿರಲಿಲ್ಲ. ಬಂದಿದ್ದು ಅವಳ ಪರವಾಗಿ.

“ಹುಡುಗಿ ಲೈಬ್ರಿಯೊಳಗ ಇದ್ದೆ ಅಂತಾಳ್ರಿ. ಆಕಿ ಸುಳ್ಳು ಹೇಳಾಕಿ ಅಲ್ಲ. ಇಲ್ಲಿ ಬಂದಾರ ಹೋದಾರ ಹೆಸರು ಬರಸ್ತೀರಂತ, ಆಕೀನೇ ಹೇಳ್ಯಾಳ. ಅದೊಂದು ತೋರ್ಸಿಬಿಡ್ರಿ, ಅಂದಾವನ ಬಾಯಿ ಬಂದ್ ಮಾಡ್ತೀನಿ.”

ಅದಕ್ಕೇನಂತೆ ಎಂದು ಹುಮ್ಮಸ್ಸಿನಿಂದ ರಿಜಿಸ್ಟರು ಎಳೆದುಕೊಂಡೆ. ತೆರೆಯುವ ಹೊತ್ತಿಗೆ ಬಸ್ಸಿಗೊಬ್ಬರ ರೂಢಿ ನೆನಪಾಯಿತು.

ಆತ ಕನ್ನಡಕ ಹಾಕಿಕೊಂಡು, ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಹಾಳೆ ಓದುತ್ತಾ ಹೋದ. ಮೊದಲ ದಿನದ ಹಾಳೆಯಲ್ಲಿ ಅವಳ ಹೆಸರು ಅವಳದೇ ಅಕ್ಷರದಲ್ಲಿತ್ತು. ಮುಂದಿನ ಕೆಲವು ದಿನವೂ ಇತ್ತು. ಆಮೇಲೆ ಬರೀ ಬಸ್ಸುಗಳು. ಆ ಎರಡು ಸೋಮವಾರ ಬಂದಾಗ ಬೆರಳು ನಿಂತಿತು.

“ಈ ಏಳು ಮಂದ್ಯಾಗ ನಮ್ಮಾಕಿ ಯಾರ್ರಿ?”

ಎಲ್ಲಾ ಹೇಳಿದೆ. ತಪ್ಪು ನನ್ನದು, ಹಾಗೆ ಬರೆಯಿರಿ ಎಂದವಳು ನಾನು, ಅವಳು ಆ ಕಿಟಕಿ ಪಕ್ಕ ಕೂತಿದ್ದನ್ನು ಈ ಎರಡೂ ಕಣ್ಣಿನಿಂದ ನೋಡಿದ್ದೇನೆ ಎಂದೆ. ಆತ ತಲೆಯಾಡಿಸುತ್ತಾ ಪೂರ್ತಿ ಕೇಳಿಸಿಕೊಂಡ. ನೀವೂ ಹೆಣ್ಣುಮಗಳು, ಅಂತಃಕರಣಕ್ಕೆ ಹೇಳಾಕತ್ತೀರಿ, ಏಳು ಅಂತ ಯಾರು ಬೇಕಾದ್ರೂ ಬರೀತಾರ, ನಾ ಊರಾಗ ಏನು ತೋರಸ್ಲಿ ಎಂದ. ಆತ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಕೈಮುಗಿದು ಹೋದ.

ಮರುದಿನದಿಂದ ಹುಡುಗಿ ಬರಲಿಲ್ಲ.

ಎರಡು ದಿನ ಹುಚ್ಚಿಯಂತೆ ಹುಡುಕಿದೆ. ಮನೆಗೆ ಒಯ್ದ ಪುಸ್ತಕಗಳ ದಾಖಲೆಯಲ್ಲಿ ಅವಳ ಹೆಸರಿಲ್ಲ, ಒಯ್ದಿದ್ದರೆ ತಾನೆ. ಬಾಗಿಲ ಮೇಲಿನ ಕ್ಯಾಮೆರಾ ಕೆಟ್ಟು ಎಷ್ಟೋ ಕಾಲವಾಗಿತ್ತು. ಶಾಸನ ಸಂಪುಟಗಳನ್ನು ಒಂದೊಂದಾಗಿ ಬಿಚ್ಚಿ ಝಾಡಿಸಿದೆ, ಅವಳು ನಂಬರು ಬರೆದ ಒಂದಾದರೂ ಚೀಟಿ ಬಿದ್ದೀತೆಂದು. ಯಾರ್‍ಯಾರದೋ ಬಸ್ ಟಿಕೀಟು ಬಿದ್ದವು. ಅವಳ ಚೀಟಿ ಒಂದೂ ಇಲ್ಲ. ಒಂದು ಪೆನ್ಸಿಲ್ ಗೆರೆಯೂ ಇಲ್ಲ. ಕಸದ ಬುಟ್ಟಿಗೆ ಹಾಕು ಎಂದರೆ ಹಾಕಿದ್ದಳು, ಗೆರೆ ಎಳೆಯಬೇಡ ಎಂದರೆ ಎಳೆದಿರಲಿಲ್ಲ. ಇಡೀ ಗ್ರಂಥಾಲಯದಲ್ಲಿ ನನ್ನ ಮಾತು ಕೇಳದವರ ಗುರುತುಗಳೆಲ್ಲ ಇದ್ದವು, ಕೇಳಿದವಳದು ಮಾತ್ರ ಇರಲಿಲ್ಲ. ರ್‍ಯಾಕಿನ ಸಂದಿಯಲ್ಲಿ ಕೂತು ಅತ್ತೆ.

ಅದೇ ಬಸ್ಸಿನ ಉಳಿದ ಆರು ಹುಡುಗಿಯರನ್ನು ಕರೆದು ಕೇಳಿದೆ. ಅವಳು ನಿಮ್ಮ ಜೊತೆ ಇದ್ದಳೆಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿರಿ, ಅಷ್ಟೇ ಸಾಕು ಎಂದೆ. ಆರೂ ಜನ ಒಲ್ಲೆವೆಂದರು. ಒಬ್ಬಳು ಕಾರಣ ಹೇಳಿದಳು. ಸಹಿ ಮಾಡಿದರೆ ನಾಳೆ ಅವರವರ ಮನೆಯವರೂ ಇದೇ ರಿಜಿಸ್ಟರು ಕೇಳಿಕೊಂಡು ಬರುತ್ತಾರಲ್ಲ, ಅದರಲ್ಲಿ ತಮ್ಮ ಹೆಸರೂ ಇಲ್ಲವಲ್ಲ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಬೈಯಲು ಯಾವ ಮುಖ ಇತ್ತು? ಅಂದಿನಿಂದ ಆರೂ ಜನ ತಾವಾಗಿಯೇ ಸಾಲಿನಲ್ಲಿ ನಿಂತು ಒಬ್ಬೊಬ್ಬರೇ ಹೆಸರು ಬರೆಯತೊಡಗಿದರು.

ನಮ್ಮ ಮುಖ್ಯಸ್ಥರ ಬಳಿ ಹೋಗಿ, ಸೀಲು ಹಾಕಿ ಒಂದು ಪತ್ರ ಕೊಡಿ ಎಂದು ಬೇಡಿಕೊಂಡೆ. ರಿಜಿಸ್ಟರಿನಲ್ಲಿ ಇಲ್ಲದ್ದನ್ನು ಯಾವ ಆಧಾರದ ಮೇಲೆ ಬರೆಯಬೇಕು, ಊರ ಉಸಾಬರಿ ನಿಮಗೇಕೆ ಎಂದರು. ಸೀಲಿಲ್ಲದ ಪತ್ರವನ್ನು ನಾನೇ ಬರೆದುಕೊಂಡು ಭಾನುವಾರ ತಿಂಥಣಿಗೆ ಹೋದೆ. ಮನೆಯವರು ಮರ್ಯಾದೆಯಿಂದಲೇ ಚಾಪೆ ಹಾಸಿದರು. ದೊಡ್ಡಪ್ಪ ಪತ್ರವನ್ನು ಎರಡು ಸಲ ಓದಿ ಮಡಚಿ ವಾಪಸ್ ಕೊಟ್ಟು, ಇದು ನೀವು ಈಗ ಬರ್ದಿದ್ದಲ್ಲೇನ್ರಿ ಎಂದ. ಅವಳ ಮದುವೆ ಆಗಲೇ ನಿಶ್ಚಯವಾಗಿತ್ತು. ಹುಡುಗಿ ಚಹಾ ತಂದಳು. ಅವಳ ತಾಯಿ ಬಾಗಿಲಲ್ಲೇ ನಿಂತಿದ್ದಳು, ಬೇರೆ ಮಾತಿಗೆ ಜಾಗವಿರಲಿಲ್ಲ. ನನ್ನಿಂದ ತಪ್ಪಾಯಿತು ಎಂದಷ್ಟೇ ಹೇಳಿದೆ.

“ನಂದೇ ತಪ್ಪೈತ್ರಿ ಮೇಡಂ. ನೀವು ಮೊದಲ್ನೇ ದಿನಾನೇ ಹೇಳಿದ್ರಿ. ನಾ ಬರಕೊಂಡಿದ್ದೆ.”

ಅವಳು ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹದಿನೈದು ದಿನ ಕಳೆದು ದೊಡ್ಡಪ್ಪ ಮತ್ತೆ ಬಂದ. ಹಾಗೆಯೇ ಚಪ್ಪಲಿಯನ್ನು ಹೊರಗೆ ಬಿಟ್ಟ. ಜೇಬಿನಿಂದ ಅವಳ ಲೈಬ್ರರಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಓದು ಬಿಟ್ಟ ಮೇಲೆ ಇದನ್ನು ಒಪ್ಪಿಸಬೇಕೆಂದು ನೀವೇ ಹೇಳಿಕೊಟ್ಟಿದ್ದಿರಂತೆ, ಮರೆಯಬೇಡ ಎಂದು ಹುಡುಗಿ ಮೂರು ಸಲ ಹೇಳಿ ಕಳಿಸಿದ್ದಾಳೆ ಎಂದ. ಕಾರ್ಡು ತೆಗೆದುಕೊಂಡೆ. ಆತ ಹೋಗಲಿಲ್ಲ. ಬಾಗಿಲ ಬಳಿ ದಾರಕ್ಕೆ ಕಟ್ಟಿದ್ದ ಪೆನ್ನು ಹಿಡಿದು ನಿಂತಿದ್ದ.

“ಕಾರ್ಡು ಕೊಟ್ಟೀನಂತ ಇದರಾಗ ಎಲ್ಲಿ ಬರೀಲಿ, ಮೇಡಂ? ನಾಳೆ ಕೊಟ್ಟೇ ಇಲ್ಲ ಅನ್ನಬಾರ್ದು.”

ಹಾಳೆ ತೆಗೆದು ತೋರಿಸಿದೆ. ಆತ ಬಗ್ಗಿ, ನಿಧಾನಕ್ಕೆ, ಒಂದೊಂದೇ ಅಕ್ಷರ ಕೂಡಿಸಿ ಅವಳ ಹೆಸರು ಬರೆದ. ಬಂದ ಹೊತ್ತು ಬರೆದ, ಗೋಡೆ ಗಡಿಯಾರ ನೋಡಿ ಹೋದ ಹೊತ್ತನ್ನೂ ಬರೆದ.