ಕಣ್ಣು ಮಂಜೆಂಬ ನೆಪದಲ್ಲಿ ನಿವೃತ್ತರಾದ ಚರಿತ್ರೆಕಾರ ಗುತಿಯೆರ್ರೆ

ಸ್ಪೇನಿನ ಕಾಸ್ತೀಲ ನಾಡಿನ ದೊರೆಮನೆಗಳಲ್ಲಿ ಚರಿತ್ರೆ ಬರೆಯುವವರಿಗೆ ಕೊರತೆಯಿಲ್ಲ. ದೊರೆ ಸೀನಿದರೆ ಸಿಡಿಲೆಂದು ಬರೆಯಬಲ್ಲವರು ಪ್ರತಿ ಕೋಟೆಯಲ್ಲೂ ಸಿಗುತ್ತಾರೆ. ಆ ಬಳಗದ ನಡುವೆ ಇದ್ದುಕೊಂಡು, ನಡೆದದ್ದನ್ನು ನಡೆದಂತೆಯೇ ಬರೆದು, ಅದಕ್ಕಾಗಿಯೇ ಕೆಲಸ ಕಳೆದುಕೊಂಡ ಪೂಜ್ಯ ಗುತಿಯೆರ್ರೆ ದೆ ಆಂಪೂದಿಯ ಅವರಿಗೆ ಶಿಷ್ಯರೆಲ್ಲ ಸೇರಿ ಈ ಹೊತ್ತಗೆಯನ್ನು ಅರ್ಪಿಸುತ್ತಿದ್ದೇವೆ. ನಾವು ದುಡಿಯುವ ವಿಲ್ಲಾರ್ಮೆಂತದ ದೊರೆಮನೆಯಲ್ಲಿ ಇದಕ್ಕೆ ಚರ್ಮದ ಹಾಳೆ ಕೇಳುವಂತಿಲ್ಲ. ಆದ್ದರಿಂದ ಅಗ್ಗದ ಕಾಗದದಲ್ಲಿ ಬರೆಯುತ್ತಿದ್ದೇನೆ.

ದರ್ಜಿಯ ಮಗನಾಗಿ ಹುಟ್ಟಿ, ಸಾಲಮಾಂಕದ ವಿದ್ಯಾಪೀಠದಲ್ಲಿ ಸಿರಿವಂತರ ಮಕ್ಕಳಿಗೆ ಪಾಠ ನಕಲು ಮಾಡಿಕೊಡುತ್ತ ತಾವೂ ಓದಿಕೊಂಡ ಗುರುಗಳು ಹರೆಯದಲ್ಲೇ ಈ ಕೋಟೆಯ ಬರವಣಿಗೆಯ ಕೋಣೆ ಸೇರಿದರು. ಬೇಟೆಯ ಗಿಡುಗಗಳ ಕಾಯಿಲೆಗಳನ್ನು ಕುರಿತ ಅವರ ಕೃತಿಯನ್ನು ಬೇಟೆಗಾರರು ಇಂದಿಗೂ ಕೇಳಿ ಪಡೆಯುತ್ತಾರೆ. ಪತ್ನಿ ತೀರಿಕೊಂಡಾಗ ರಚಿಸಿದ ಪದ್ಯಗಳನ್ನು ಮಾತ್ರ ಅವರು ಯಾರಿಗೂ ತೋರಿಸುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಚಳಿಗಾಲದಲ್ಲಿ ಬೆರಳು ಸೆಟೆದು ಅಕ್ಷರ ಕೆಡಿಸಿದಾಗ, ಬೈಯದೆ ತಮ್ಮ ಬೆಳ್ಳುಳ್ಳಿ ಸಾರಿನ ಬಟ್ಟಲನ್ನೇ ನನ್ನ ಕೈಗಿತ್ತು, “ಮೊದ್ಲು ಕೈ ಕಾಯಿಸ್ಕೊ, ಆಮೇಲೆ ಕುಡಿ” ಎಂದವರು ಅವರು.

ಅವರ ದೊಡ್ಡ ಕೃತಿ ಈ ಮನೆತನದ ಚರಿತ್ರೆ. ಊರೆಲ್ಲ ಹಂದಿ ಕಡಿದು ಆಚರಿಸುವ ಸಂತ ಮಾರ್ತಿನನ ಹಬ್ಬದಂದು ದೊರೆ ಊಟಕ್ಕೆ ಕೂತಾಗ ಆ ವರ್ಷದ ಅಧ್ಯಾಯವನ್ನು ಓದುವುದು ನಮ್ಮಲ್ಲಿ ವಾಡಿಕೆ. ಯಾವ ವಾಕ್ಯಕ್ಕೆ ದೊರೆ ಚೂರಿ ಕೆಳಗಿಡುತ್ತಾರೋ ಅದನ್ನು ಮರುದಿನ ಹಾಳೆಯಿಂದ ಕೆರೆದು ತೆಗೆಯಬೇಕು. ಸೇತುವೆಯ ಸುಂಕ ಕೊಡಲೊಪ್ಪದ ಉಣ್ಣೆ ತೊಳೆಯುವವರಲ್ಲಿ ಮೂವರನ್ನು, ತೋರಿಬಿಯೊ, ಪಾಸ್ಕುವಾಲ್ ಮತ್ತು ಮೆಂಗಾ ಎಂಬ ಹುಡುಗಿಯನ್ನು, ಹಿರಿಯ ದೊರೆ ಅದೇ ಸೇತುವೆಗೆ ನೇಣು ಹಾಕಿಸಿದ ವರ್ಷ, ಗುರುಗಳು ಹೆಸರು ಸಹಿತ ಬರೆದು ಓದಿದರು. ದೊರೆಯ ಚೂರಿ ಮಾಂಸ ಕೊಯ್ಯುತ್ತಲೇ ಇತ್ತು. “ಇರ್ಲಿ ಬಿಡಯ್ಯ, ಕೇಳ್ದೋರು ಹೆದರ್ಕೊಳ್ಳಲಿ” ಎಂದರು. ಹೀಗೆ ಆ ಹೆಸರುಗಳು ಕ್ರೌರ್ಯದ ಕೃಪೆಯಿಂದ ಉಳಿದುಕೊಂಡವು.

ಈಗಿನ ಕಿರಿಯ ದೊರೆ ಬಹಳ ನಯಸ್ಥರು. ಮಗಳನ್ನು ಬಿಷಪ್ಪರ ತಮ್ಮನ ಮಗನಿಗೆ ಕೊಡುವ ಮಾತು ನಡೆದಾಗ ಅವರಿಗೆ ಆ ಅಧ್ಯಾಯದ ನೆನಪಾಯಿತು.

“ಮೇಷ್ಟ್ರೇ, ಆ ಮೂರು ಹೆಸ್ರು ಕೆರೆದ್ಬಿಡಿ. ನಮ್ಮಪ್ಪ ಕ್ಷಮಿಸಿದ್ರು ಅಂತ ಬರೀರಿ.”

“ಬರೀಬಹುದು ಸ್ವಾಮಿ. ಕ್ಷಮಿಸಿದ್ಮೇಲೆ ಹಗ್ಗ ಯಾಕೆ ತರ್ಸಿದ್ರು ಅಂತ ಬೀಗರು ಕೇಳಿದ್ರೆ ಏನ್ ಹೇಳ್ಲಿ?” ಎಂದರು ಗುರುಗಳು.

ಸ್ವಲ್ಪ ದಿನದಲ್ಲೇ ಗುರುಗಳ ಕಣ್ಣು ಮಂಜಾಗಿದೆ, ಅವರಿಗೆ ವಿಶ್ರಾಂತಿ ಬೇಕು ಎಂದು ಅಪ್ಪಣೆಯಾಯಿತು. ಅದೇ ವಾರ ಅವರು ನನ್ನ ಹೆಂಡತಿಗೆ ಸೂಜಿಗೆ ದಾರ ಪೋಣಿಸಿಕೊಟ್ಟಿದ್ದರು. ಹೆಸರುಗಳನ್ನು ಕೋಟೆಯ ಪಾದ್ರಿಯ ಬರಹಗಾರ ಕೆರೆದು, ಅಲ್ಲಿ ಕ್ಷಮೆಯನ್ನು ತುಂಬಿಸಿದ.

ಬೀಳ್ಕೊಡುಗೆಯ ಔತಣದಲ್ಲಿ ದೊರೆ ತಮ್ಮ ಕೈಯಾರೆ ಗುರುಗಳಿಗೆ ಕನ್ನಡಕ ತೊಡಿಸಿ, ಬೀಗರೆದುರು ಅದೇ ಪುಟವನ್ನು ಓದಲು ಹೇಳಿದರು. ಬರೆದವನೇ ಓದಿಬಿಟ್ಟರೆ ಸುಳ್ಳಿಗೂ ಮುದ್ರೆ ಬಿದ್ದಂತೆ. ಗುರುಗಳು ನಿಧಾನವಾಗಿ ಓದುತ್ತ ಬಂದು, ಕೆರೆದ ಜಾಗದಲ್ಲಿ ತಡವರಿಸದೆ, “ತೋರಿಬಿಯೊ, ಪಾಸ್ಕುವಾಲ್, ಮೆಂಗಾ, ಈ ಮೂವರನ್ನು ದೊರೆ ಸೇತುವೆಗೆ ನೇಣು ಹಾಕಿಸಿದರು” ಎಂದು ಓದಿದರು. ದೊರೆ ಚೂರಿ ಕೆಳಗಿಟ್ಟರು. ಗುರುಗಳು ಕನ್ನಡಕ ತೆಗೆದು, “ಕಣ್ಣು ಮಂಜು ನೋಡಿ ಸ್ವಾಮಿ. ತಪ್ಪು ಓದಿದ್ರೆ ಹೊಟ್ಟೇಗೆ ಹಾಕ್ಕೊಳ್ಳಿ” ಎಂದರು.

ಮದುವೆಯ ಮಾತು ಮುರಿಯಲಿಲ್ಲ. ಬೀಗರಿಗೆ ಬೇಕಾಗಿದ್ದದ್ದು ಹುಡುಗಿಯ ಜೊತೆ ಬರುವ ಕುರಿಮಂದೆ. ನಿಂತುಹೋದದ್ದು ಗುರುಗಳಿಗೆ ಗೊತ್ತುಮಾಡಿದ್ದ ರೊಟ್ಟಿ ಮತ್ತು ದ್ರಾಕ್ಷಾರಸದ ಪಡಿ. ಅಂದು ಕೋಟೆ ಬಿಟ್ಟು ಹೊರಟಾಗ ಹೊರಬಾಗಿಲಲ್ಲಿ ಅವರನ್ನು ತಡೆದವಳು ಅಡುಗೆಮನೆಯ ಉರ್ರಾಕಾ, ಮೆಂಗಾಳ ಅಕ್ಕ.

“ಅವಳ ಹೆಸ್ರು ಈ ಮನೇಲಿ ನಾನೇ ಎತ್ತಿರ್ಲಿಲ್ಲ ಮೇಷ್ಟ್ರೇ. ಕೆಲ್ಸ ಹೋಗುತ್ತೆ ಅಂತ” ಎಂದು ಅವರ ಕೈಗೆ ಒಂದು ರೊಟ್ಟಿ ಇಟ್ಟಳು. ಅವರಿಗೆ ಸಂದ ಸನ್ಮಾನ ಅಷ್ಟೇ.

ಇನ್ನು ಮುಂದೆ ಆ ಚರಿತ್ರೆಯನ್ನು ತೆರೆದವರೆಲ್ಲ ಕ್ಷಮೆಯನ್ನೇ ಓದುತ್ತಾರೆ. ನಾವು ಶಿಷ್ಯರು ಇನ್ನೂ ಆ ಮನೆಯ ಉಪ್ಪು ತಿನ್ನುವವರು. ಈ ಹೊತ್ತಗೆಯನ್ನೂ ಕದ್ದುಮುಚ್ಚಿ ಗುರುಗಳ ಮನೆಗೆ ತಲುಪಿಸುತ್ತೇವೆಯೇ ಹೊರತು ಕೋಟೆಯಲ್ಲಿ ಓದುವ ಎದೆಗಾರಿಕೆ ನಮ್ಮಲ್ಲಿ ಒಬ್ಬರಿಗೂ ಇಲ್ಲ. ಗುರುಗಳು ಈಗ ಸಂತೆಯಲ್ಲಿ ಕೂತು, ಕೇಳಿದವರಿಗೆ ಆ ಅಧ್ಯಾಯವನ್ನು ಬಾಯಿಪಾಠವಾಗಿ ಹೇಳುತ್ತಾರೆ. ಆ ಕೆಲಸ ಬಹುಕಾಲ ನಡೆಯಲಿ, ಅವರು ನೂರು ವರ್ಷ ಬಾಳಲಿ. ಉಪಚಾರಕ್ಕಾಗಿ ಹೀಗೆ ಹಾರೈಸುತ್ತಿಲ್ಲ. ಅವರು ಕಣ್ಣು ಮುಚ್ಚಿದ ದಿನ ಆ ಮೂವರು ಎರಡನೆಯ ಸಲ ನೇಣಿಗೇರುತ್ತಾರೆ. ಆಗ ಹಗ್ಗ ಎಳೆಯುವವರು ನಾವು.