ಇನಾಯತ್ ಅಂಕಲ್‌ಗೆ ಹಿಡಿಸದ ಥ್ರಿಲ್ಲರ್

ನಮ್ಮ ಮನೆಯವರಿಗೆ ಕುಡಿಯೋ ಚಟ ಇಲ್ಲ, ಇಸ್ಪೀಟಿನ ಚಟ ಇಲ್ಲ. ಇರೋದು ಸಿನಿಮಾ ನೋಡಿ ಅಭಿಪ್ರಾಯ ಹೇಳೋ ಚಟ. ನೋಡಿದ್ರೆ ಸಾಲದು, ನಾಲ್ಕು ಜನರ ಮುಂದೆ ಹೇಳಬೇಕು. ಹೇಳದಿದ್ರೆ ಅವತ್ತು ಊಟ ಸೇರಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಟೀ ಅಂಗಡಿ ಮುಂದೆ ನಿಂತು ಇದೇ ಕೆಲಸ ಮಾಡ್ತಿದ್ರಂತೆ. ನ್ಯೂಜೆರ್ಸಿಗೆ ಬಂದ ಮೇಲೆ ಟೀ ಅಂಗಡಿ ಜಾಗದಲ್ಲಿ ಥಿಯೇಟರಿನ ಪಾರ್ಕಿಂಗ್ ಲಾಟ್ ಬಂತು, ಅಷ್ಟೇ ವ್ಯತ್ಯಾಸ.

ಈ ಪಾರ್ಕಿಂಗ್ ಲಾಟ್ ವಿಚಾರ ಹೊರಗಿನವರಿಗೆ ಗೊತ್ತಿರಲ್ಲ, ಹೇಳ್ತೀನಿ. ಕನ್ನಡ ಸಿನಿಮಾ ಇಲ್ಲಿಗೆ ಬರೋದು ಒಂದೋ ಎರಡೋ ಆಟಕ್ಕೆ. ನಮ್ಮ ಕನ್ನಡ ಕೂಟದವರು ಶನಿವಾರ ಬೆಳಗ್ಗೆ ಒಂದು ಸ್ಕ್ರೀನ್ ಹಿಡೀತಾರೆ. ಆಟ ಮುಗಿದ ಮೇಲೆ ಯಾರೂ ನೇರ ಮನೆಗೆ ಹೋಗಲ್ಲ. ಕಾರುಗಳ ಡಿಕ್ಕಿ ತೆಗೀತಾರೆ, ಫ್ಲಾಸ್ಕು, ಪುಳಿಯೋಗರೆ ಡಬ್ಬಿ, ಪೇಪರ್ ಪ್ಲೇಟು ಹೊರಗೆ ಬರುತ್ತೆ. ನಾನು ಸಮೋಸ ತಗೊಂಡು ಹೋಗ್ತೀನಿ. ಖೀಮಾದ್ದು ತಿನ್ನೋರಿಗೆ, ಆಲೂಗಡ್ಡೆದು ಮಿಕ್ಕವರಿಗೆ. ಆಲೂಗಡ್ಡೆದಕ್ಕೆ ಬಾಣಲೆ ಬೇರೆ, ಎಣ್ಣೆ ಬೇರೆ, ಡಬ್ಬಿಯೂ ಬೇರೆ. ಯಾರೂ ಕೇಳಿದ್ದಲ್ಲ, ನಾನೇ ಮೊದಲಿಂದ ಇಟ್ಕೊಂಡು ಬಂದ ಪದ್ಧತಿ. ಎಲ್ಲರ ಕೈಗೂ ಕಾಫಿ ಬಂದ ಮೇಲೆ ಯಾರಾದ್ರೂ ಒಬ್ಬರು ಕೇಳ್ತಾರೆ, "ಹೂಂ, ಇನಾಯತ್ ಅಂಕಲ್, ಏನಂತೀರಿ?" ಇವರು ಬಾನೆಟ್‌ಗೆ ಒರಗಿ ನಿಂತು ಗಂಟಲು ಸರಿ ಮಾಡ್ಕೊಳ್ತಾರೆ.

ಇವರ ಕಸುಬು ಡ್ರೈವಿಂಗ್ ಕಲಿಸೋದು. ಐಸೆಲಿನ್, ಎಡಿಸನ್ ಕಡೆ ಇರೋ ನಮ್ಮ ಹೆಣ್ಣುಮಕ್ಕಳಲ್ಲಿ ಅರ್ಧ ಜನ ಸ್ಟಿಯರಿಂಗ್ ಹಿಡಿದಿದ್ದು ಇವರ ಕಾರಲ್ಲೇ. ಕಾರಿನ ನೆತ್ತಿ ಮೇಲೆ 'ಸ್ಟೂಡೆಂಟ್ ಡ್ರೈವರ್' ಅಂತ ಬೋರ್ಡು, ಇವರು ಕೂರೋ ಕಡೆ ಒಂದು ಹೆಚ್ಚುವರಿ ಬ್ರೇಕು, ಹಿಂದಿನ ಸೀಟಿನ ತುಂಬ ಪಾರ್ಕಿಂಗ್ ಕಲಿಸೋಕೆ ಇಟ್ಕೊಂಡ ಕಿತ್ತಳೆ ಬಣ್ಣದ ಕೋನುಗಳು. ಸಿನಿಮಾನೂ ಇವರು ಆ ಬ್ರೇಕಿನ ಸೀಟಿಂದಲೇ ನೋಡೋದು. ಹೋದ ಚಳಿಗಾಲದಲ್ಲಿ ಒಂದು ರೊಮ್ಯಾಂಟಿಕ್ ಕಾಮಿಡಿ ಬಂತು. ಎರಡು ಗಂಟೆ ಜಗಳ ಆಡಿದ ಹುಡುಗ, ಕೊನೆಗೆ ಏರ್‌ಪೋರ್ಟಿಗೆ ಓಡಿ ಹೋಗಿ ಹುಡುಗಿನ ತಡೀತಾನೆ. ಜನ ಚಪ್ಪಾಳೆ ಹೊಡೆದ್ರು. ಇವರು ಹೊರಗೆ ಬಂದು, "ಎಲ್ಲ ಸರಿ, ಅವನು ಗಾಡಿ ಎಲ್ಲಿ ನಿಲ್ಲಿಸಿದ? ನಮ್ಮ ನ್ಯೂಅರ್ಕ್ ಏರ್‌ಪೋರ್ಟಲ್ಲಾಗಿದ್ರೆ ಅವಳು ಒಪ್ಪೋ ಹೊತ್ತಿಗೆ ಟೋ ಆಗಿರೋದು. ವಾಪಸ್ ಟ್ಯಾಕ್ಸಿನಲ್ಲಿ ಕೂತು ಮತ್ತೆ ಜಗಳ" ಅಂದ್ರು. ಪುಳಿಯೋಗರೆ ನೆತ್ತಿಗೇರೋ ಹಾಗೆ ನಕ್ಕರು ಎಲ್ಲರೂ.

ನನಗೂ ಆ ಥರದ ಸಿನಿಮಾ ಕಂಡ್ರೆ ಆಗಲ್ಲ. ಹುಡುಗಿ ಬೇಡ ಅಂದ್ರೆ ಬೇಡ, ಅದರಲ್ಲಿ ಕಾಮಿಡಿ ಏನು ಬಂತು? ಇವರಿಗೆ ಮಾತ್ರ ಎಲ್ಲದರಲ್ಲೂ ಏನಾದ್ರೂ ಸಿಗುತ್ತೆ. ಒಂದು ಫ್ಯಾಮಿಲಿ ಡ್ರಾಮಾ ಬಂದಿತ್ತು, ತಾಯಿ ಪಾತ್ರದಾಕೆ ಶುರುವಿಂದ ಕೊನೆತನಕ ಗೊಳೋ ಅಂತ ಅತ್ತಳು. "ಆಕೆ ಅತ್ತಾಗ ನನಗೆ ಅಳು ಬರಲಿಲ್ಲ. ಮಗ ಬರಲ್ಲ ಅಂತ ಗೊತ್ತಿದ್ದೂ ಎರಡು ತಟ್ಟೆ ತೊಳೆದಿಟ್ಟಳಲ್ಲ, ಆಗ ಬಂತು" ಅಂದ್ರು. ಅವತ್ತು ಯಾರೂ ನಗಲಿಲ್ಲ. ರಾಜಿ ಸೆರಗಲ್ಲಿ ಕಣ್ಣೊರೆಸ್ಕೊಂಡಳು.

ರಾಜಿ ಯಾರು ಅಂತ ಹೇಳಬೇಕು. ನಮಗೆ ಮಕ್ಕಳಾಗಲಿಲ್ಲ. ರಾಜಿ ಮದುವೆಯಾಗಿ ಹೊಸದಾಗಿ ಬಂದಾಗ ನಮ್ಮ ಕೆಳಗಿನ ಅಪಾರ್ಟ್‌ಮೆಂಟಲ್ಲಿದ್ದಳು. ಗಂಡ ಹರಿ ಬೆಳಗ್ಗೆ ಟ್ರೈನ್ ಹತ್ತಿ ನ್ಯೂಯಾರ್ಕಿಗೆ ಹೋದ್ರೆ ಬರೋದು ಕತ್ತಲಾದ ಮೇಲೆ. ಹುಡುಗಿ ಕಿಟಕಿ ಹತ್ರ ಕೂತು ಕೂತು ಸೊರಗಿಹೋಗಿದ್ದಳು. ಇವರೇ ಕರೆದು ಕಾರಲ್ಲಿ ಕೂರಿಸಿದ್ರು. ಮೊದಲನೇ ಪಾಠಕ್ಕೆ ನಮ್ಮ ಬಾಗಿಲಿಂದಲೇ ಹೊರಟಳು. ನಾನು ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿ ಕಳಿಸಿದ್ದೆ. ಮೊದಲ ಸಲ ಹೈವೇಗೆ ಇಳಿದಾಗ ಲಾರಿ ಸದ್ದಿಗೆ ಹೆದರಿ ಗೊಳೋ ಅಂತ ಅತ್ತಳಂತೆ. ಇವರು, "ಅಳಮ್ಮ, ಬೇಕಾದಷ್ಟು ಅಳು. ಆದ್ರೆ ಕನ್ನಡಿ ನೋಡ್ಕೊಂಡು ಅಳು" ಅಂದ್ರಂತೆ. ಇವತ್ತಿಗೂ ರಾಜಿ ಆ ಮಾತು ಹೇಳಿ ನಗಿಸ್ತಾಳೆ. ಹೇಳ್ತಿದ್ದಳು ಅನ್ನಬೇಕು ಈಗ.

ರಾಜಿ ಮಗಳು ಆನ್ಯಾ ಹುಟ್ಟಿದ್ದೂ ಹಾಗೇ. ಹಿಮ ಬಿದ್ದು ಟ್ರೈನ್ ನಿಂತು ಹರಿ ನದಿ ಆಚೆ ನ್ಯೂಯಾರ್ಕಲ್ಲೇ ಸಿಕ್ಕಿಹಾಕ್ಕೊಂಡಿದ್ದ. ನೋವು ಶುರುವಾದ ರಾಜಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು 'ಸ್ಟೂಡೆಂಟ್ ಡ್ರೈವರ್' ಬೋರ್ಡಿನ ಇದೇ ಕಾರು. ಹಿಂದೆ ನಾನು ಅವಳ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೆ, ಕೋನುಗಳು ಕಾಲಡಿಯಲ್ಲಿ. ಆ ಮಗು ಇವರನ್ನ ತಾತ ಅಂತಲೇ ಕರೆಯೋದು. ಆಮೇಲೆ ಅವರು ಬಾಸ್ಕಿಂಗ್ ರಿಡ್ಜ್‌ನಲ್ಲಿ ದೊಡ್ಡ ಮನೆ ತಗೊಂಡ್ರು, ಹರಿಗೆ ಅಲ್ಲೇ ಕೆಲಸ ಆಯ್ತು, ಆದ್ರೂ ಬರೋದು ಹೋಗೋದು ತಪ್ಪಲಿಲ್ಲ. ಆನ್ಯಾ ಮೊಣಕಾಲುದ್ದ ಇದ್ದಾಗಲೇ ಮಾತಾಗಿತ್ತು. ಹದಿನಾರು ತುಂಬಿದ ಕೂಡಲೆ ಅವಳಿಗೆ ಡ್ರೈವಿಂಗ್ ಕಲಿಸೋದು ತಾತ. ಈ ವರ್ಷ ಹದಿನಾರಾಯ್ತು. ಇವರು ಕಾರಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ್ರು. "ಆನ್ಯಾ ಪಾಠ ಮುಗಿದ ಮೇಲೆ ಬೋರ್ಡ್ ಇಳಿಸಿಬಿಡ್ತೀನಿ ಮಸರತ್. ಸಾಕು" ಅಂದ್ರು. ಸೊಂಟ ನೋವು ಇವರಿಗೆ. ಅದೊಂದು ಪಾಠಕ್ಕೋಸ್ಕರವೇ ಎರಡು ವರ್ಷದಿಂದ ಎಳೀತಿದ್ರು.

ಅಷ್ಟರಲ್ಲಿ ಈ ಥ್ರಿಲ್ಲರ್ ಬಂತು. ಬಂದು ನಮ್ಮ ಮನೆ ಹಾಳು ಮಾಡ್ತು.

ಕಥೆ ಬೆಂಗಳೂರಲ್ಲಿ. ಊರಲ್ಲಿ ಹೆಣ್ಣುಮಕ್ಕಳು ಕಾಣೆಯಾಗ್ತಿದ್ದಾರೆ, ಪೊಲೀಸರಿಗೆ ತಲೆ ಕೆಟ್ಟಿದೆ. ಇಂಟರ್ವಲ್ ಆದ ಮೇಲೆ ಗೊತ್ತಾಗುತ್ತೆ, ಎಲ್ಲ ಮಾಡಿದ್ದು ಒಬ್ಬ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಮೃದುವಾಗಿ ಮಾತಾಡ್ತಾನೆ, "ಬನ್ನಿ ತಂಗಿ" ಅಂತಾನೆ. ಕಣ್ಣಿಗೆ ಸುರ್ಮಾ, ಹೆಗಲ ಮೇಲೆ ಚೌಕಳಿ ಬಟ್ಟೆ. ಅವನು ಬಂದಾಗೆಲ್ಲ ಹಿನ್ನೆಲೆಯಲ್ಲಿ ಒಂದು ಥರದ ಸಂಗೀತ, ಅವನು ಯಾರು ಅಂತ ಯಾರಿಗೂ ಅನುಮಾನ ಉಳೀಬಾರದು ಅಂತ. ಕತ್ತಲಲ್ಲಿ ನಾನು ಇವರ ಮುಖ ನೋಡಿದೆ. ಪಾಪ್‌ಕಾರ್ನ್ ಮುಷ್ಟಿಯಲ್ಲಿ ಹಾಗೇ ಇತ್ತು.

ಹೊರಗೆ ಬಂದ್ವಿ. ಡಿಕ್ಕಿಗಳು ತೆರ್ಕೊಂಡ್ವು, ಕಾಫಿ ಬಗ್ಗಿಸಿದ್ರು. "ಏನಂತೀರಿ" ಅಂತ ಯಾರೂ ಕೇಳೋ ಮೊದಲೇ ಹರಿ ಸಮೋಸ ಕಚ್ಚುತ್ತಾ, "ಅಂಕಲ್, ನಿಮ್ಮ ಬಯೋಪಿಕ್ ತೆಗೆದುಬಿಟ್ಟಿದ್ದಾರಲ್ರೀ. ನಿಜ ಹೇಳಿ, ಎಷ್ಟು ಜನರನ್ನ ಸಾಗಿಸಿದ್ರಿ?" ಅಂದ. ಎಲ್ಲರೂ ನಕ್ಕರು. ತಮಾಷೆಗೇ ಅಂದಿದ್ದು, ಅಲ್ಲ ಅನ್ನಲ್ಲ ನಾನು. ಅವನ ಕೈಯಲ್ಲಿದ್ದಿದ್ದು ನಾನು ಬೇರೆ ಎಣ್ಣೆಯಲ್ಲಿ ಕರಿದ ಸಮೋಸ.

ಇವರೂ ಸ್ವಲ್ಪ ನಕ್ಕರು. ಆಮೇಲೆ ಎಂದಿನ ಹಾಗೆ ಒರಗಿ ನಿಂತು ಹೇಳಿದ್ರು. "ತೆಗೆದಿರೋದು ಚೆನ್ನಾಗಿದೆ. ಮಳೆಯಲ್ಲಿ ಚೇಸ್ ಮಾಡೋ ಸೀನ್ ಬಲು ಚೆನ್ನ. ಆದ್ರೆ ಕಥೆ ನಿಲ್ಲಲ್ಲ. ಗಾಡಿ ಕಲಿಸೋನ ಒಂದು ಕಾಲು ಸದಾ ಬ್ರೇಕ್ ಮೇಲಿರುತ್ತೆ, ಎದೆ ಡವಡವ ಅಂತಿರುತ್ತೆ. ಪಕ್ಕದಲ್ಲಿರೋಳು ಕೆಂಪು ಸೀರೆ ಉಟ್ಟಿದ್ದಾಳೋ ಹಸಿರು ಉಟ್ಟಿದ್ದಾಳೋ ಅಂತಾನೂ ಗೊತ್ತಾಗಲ್ಲ ಅವನಿಗೆ. ಅವನ ಜೀವ ಅವಳ ಕೈಲಿರುತ್ತೆ, ಅವಳ ಜೀವ ಅವನ ಕಾಲಲ್ಲಿರುತ್ತೆ. ಈ ಕಥೆನ ಯಾರೂ ನಂಬಲ್ಲ. ಓಡಲ್ಲ ಈ ಸಿನಿಮಾ."

ಅಲ್ಲಿಗೆ ನಿಲ್ಲಿಸಿದ್ರೆ ಆಗ್ತಿತ್ತೇನೋ. ಹರಿ, "ಪರ್ಸನಲ್ ಆಗಿ ತಗೋಬೇಡಿ ಅಂಕಲ್, ಅದು ಜಸ್ಟ್ ಒಂದು ಕ್ಯಾರೆಕ್ಟರ್" ಅಂದ.

"ಒಂದೇ ಕ್ಯಾರೆಕ್ಟರ್ ಆದ್ರೆ ಸರಿ ಹರಿ. ಈ ವರ್ಷ ನೋಡಿದ ಥ್ರಿಲ್ಲರ್‌ನಲ್ಲೆಲ್ಲ ಅದೇ ಸುರ್ಮಾ, ಅದೇ ಚೌಕಳಿ ಬಟ್ಟೆ. ಆ ಬಡಪಾಯಿಗೆ ಒಂದು ಸಲವಾದ್ರೂ ರಜ ಕೊಡಬಾರ್ದಾ?" ಅಂದ್ರು ಇವರು. ದನಿ ಏರಲಿಲ್ಲ, ನಗ್ತಾನೇ ಅಂದ್ರು.

ಒಬ್ಬರು ಫೋನ್ ನೋಡಿದ್ರು. ಇನ್ನೊಬ್ಬರು, "ಸಿನಿಮಾನ ಸಿನಿಮಾ ಥರ ನೋಡಬೇಕಪ್ಪ, ಇದರಲ್ಲೆಲ್ಲ ಜಾತಿ ಧರ್ಮ ತರಬಾರ್ದು" ಅಂತ ಗಾಳಿಗೆ ಹೇಳಿದ ಹಾಗೆ ಹೇಳಿದ್ರು. ತಂದವರು ಯಾರು ಸ್ವಾಮಿ? ಸುರ್ಮಾ ಹಚ್ಚಿದವರಾ, ಹಚ್ಚಿದ್ದು ಕಾಣ್ತು ಅಂದವರಾ? ನನ್ನ ನಾಲಿಗೆ ತುದಿಗೆ ಬಂದಿತ್ತು. ಇವರು ಕಣ್ಣಲ್ಲೇ ಬೇಡ ಅಂದ್ರು. ರಾಜಿ ನೆಲ ನೋಡ್ತಾ ನಿಂತಿದ್ದಳು. ಒಂದೊಂದಾಗಿ ಡಿಕ್ಕಿಗಳು ಮುಚ್ಕೊಂಡ್ವು.

ಮುಂದಿನ ಸಿನಿಮಾಕ್ಕೂ ಹೋದ್ವಿ. ಬೇಡ ಅಂದ್ರೂ ಇವರು ಕೇಳಲಿಲ್ಲ. ಅದೂ ಒಂದು ಲವ್ ಸ್ಟೋರಿ, ನೋಡಿದ್ದು ನೆನಪೂ ಇಲ್ಲ. ಆಟ ಬಿಟ್ಟ ಮೇಲೆ ನಾವು ಎಂದಿನ ಜಾಗದಲ್ಲಿ ಡಿಕ್ಕಿ ತೆಗೆದು ನಿಂತ್ವಿ. ಕೂಟದವರ ಕಾರುಗಳೆಲ್ಲ ಲಾಟಿನ ಆ ತುದಿಯಲ್ಲಿದ್ವು. ದೂರದಿಂದ ಕೈ ಬೀಸಿದ್ರು, ಒಳ್ಳೆಯವರೇ ಎಲ್ಲರೂ. ಯಾರೂ ಈ ಕಡೆ ಬರಲಿಲ್ಲ. ಇವರು ಕಾಫಿ ಬಗ್ಗಿಸಿಕೊಂಡು ನನಗೊಬ್ಬಳಿಗೇ ಅಭಿಪ್ರಾಯ ಹೇಳಿದ್ರು. ಎರಡು ಡಬ್ಬಿ ಸಮೋಸ ಹಾಗೇ ವಾಪಸ್ ಬಂತು. ಮೂರು ದಿನ ಅದನ್ನೇ ಬಿಸಿ ಮಾಡಿ ತಿಂದ್ವಿ.

ಅದಕ್ಕೂ ಇವರು ಬೇಜಾರು ತೋರಿಸಲಿಲ್ಲ. ಇವರ ಜೀವ ಇದ್ದಿದ್ದು ಆನ್ಯಾ ಪಾಠದ ಮೇಲೆ. ರಾಜಿ ಫೋನ್ ಮಾಡಿ, "ಈ ವಾರ ಅವಳಿಗೆ ಸಾಕರ್ ಇದೆ ಆಂಟಿ" ಅಂದಳು. ಮುಂದಿನ ವಾರ ಟೆಸ್ಟ್. ಅದರ ಮುಂದಿನ ವಾರ ನೆಗಡಿ. ನಾನೇನು ದಡ್ಡಿಯಾ? "ಬಿಡ್ರೀ, ಆ ಹುಡುಗಿ ಬರಲ್ಲ" ಅಂದೆ. ಇವರಿಗೆ ಸಿಟ್ಟು ಬಂತು. "ರಾಜಿ ನನ್ನ ಮಗಳು. ಅವಳ ಬಗ್ಗೆ ಹಾಗೆ ಮಾತಾಡಬೇಡ" ಅಂದ್ರು. ನಲವತ್ತು ವರ್ಷದ ಸಂಸಾರದಲ್ಲಿ ನನ್ನ ಮೇಲೆ ದನಿ ಎತ್ತಿದ್ದು ಬೆರಳೆಣಿಕೆ ಸಲ.

ಕೊನೆಗೆ ಒಂದು ಭಾನುವಾರ ಬಂದರು, ತಾಯಿ ಮಗಳು ಇಬ್ಬರೂ. ಇವರ ಮುಖ ನೋಡಬೇಕಿತ್ತು ನೀವು. ನನ್ನ ಕಡೆ ತಿರುಗಿ, ನೋಡಿದ್ಯಾ ಅನ್ನೋ ಹಾಗೆ ಹುಬ್ಬು ಹಾರಿಸಿದ್ರು. ನನಗೂ ನಾಚಿಕೆ ಆಯ್ತು, ಸುಮ್ಮನೆ ಆ ಹುಡುಗಿಯನ್ನ ಅನುಮಾನಿಸಿದೆನಲ್ಲ ಅಂತ. ಸಕ್ಕರೆ ತಂದು ಆನ್ಯಾ ಬಾಯಿಗೆ ಹಾಕಿದೆ. ಉದ್ದಕ್ಕೆ ಬೆಳೆದಿದ್ದಾಳೆ, ಬಗ್ಗಿಸ್ಕೊಂಡು ಹಾಕಬೇಕಾಯ್ತು.

"ಬಾ ರಾಜಿ, ಒಳಗೆ ಬಾ. ಅವರು ಒಂದು ಸುತ್ತು ಹೋಗಿ ಬರೋ ಹೊತ್ತಿಗೆ ಒಗ್ಗರಣೆ ಅವಲಕ್ಕಿ ಮಾಡ್ತೀನಿ" ಅಂದೆ.

ರಾಜಿ ಕದಲಲಿಲ್ಲ. "ಇಲ್ಲ ಆಂಟಿ, ನಾನೂ ಹಿಂದೆ ಕೂತ್ಕೋತೀನಿ. ಅವಳಿಗೆ ಸ್ವಲ್ಪ ನರ್ವಸ್" ಅಂದಳು.

ಸ್ಟಿಯರಿಂಗ್ ಮುಂದೆ ಕೂತಾಗಿತ್ತು ಆನ್ಯಾ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಐ ಆಮ್ ನಾಟ್ ನರ್ವಸ್, ಮಾಮ್. ಡ್ಯಾಡ್ ಟೋಲ್ಡ್ ಯು ಟು ಸಿಟ್ ಇನ್ ದ ಬ್ಯಾಕ್. ಐ ಹರ್ಡ್ ಹಿಮ್" ಅಂದಳು. ಮಗೂಗೆ ಅದರಲ್ಲಿ ಏನಿದೆ ಅಂತ ಗೊತ್ತಿಲ್ಲ. ಅಪ್ಪನ ಅತಿ ಕಾಳಜಿ ಅಂತ ಗೊಣಗಿದ್ದು, ಅಷ್ಟೇ.

ರಾಜಿ ತಕ್ಷಣ ಇವರ ಕಡೆ ತಿರುಗಿದಳು. "ಹಾಗಲ್ಲ ಅಂಕಲ್, ಹರಿ ಹೇಳಿದ್ದು ಏನು ಅಂದ್ರೆ..." ಅಂತ ಶುರು ಮಾಡಿದಳು. ನಿನ್ನ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೆನಲ್ಲೇ ಇದೇ ಸೀಟಲ್ಲಿ, ಆಗ ನಿನ್ನ ಗಂಡ ಯಾರನ್ನ ಕಾವಲಿಗೆ ಕೂರಿಸಿದ್ದ ಅಂತ ಕೇಳಬೇಕು ಅಂದ್ಕೊಂಡೆ. ಬೇಕಂತಲೇ ಕೇಳಬೇಕು ಅಂದ್ಕೊಂಡೆ.

ಇವರು ನನಗಿಂತ ಮೊದಲು ಮಾತಾಡಿದ್ರು. ಹಿಂದಿನ ಬಾಗಿಲು ತೆಗೆದು, ಒಂದೆರಡು ಕೋನು ಅತ್ತ ಸರಿಸಿ, "ಕೂತ್ಕೋಮ್ಮ ರಾಜಿ. ಬೆಲ್ಟ್ ಹಾಕ್ಕೋ" ಅಂದ್ರು. ಅವಳು ಮಿಕ್ಕ ಕೋನುಗಳ ಮಧ್ಯೆ ಮುದುಡಿ ಕೂತಳು. ಇವರು ಈ ಕಡೆಯಿಂದ ಬಂದು ತಮ್ಮ ಸೀಟಲ್ಲಿ ಕೂತು, ಆನ್ಯಾಗೆ ಎಲ್ಲರಿಗೂ ಹೇಳೋದನ್ನೇ ಹೇಳಿದ್ರು. ಮೊದಲು ಕನ್ನಡಿ. ಹಿಂದೆ ಏನಿದೆ ಅಂತ ನೋಡದೆ ಗಾಡಿ ಕದಲಿಸಬಾರದು. ಆನ್ಯಾ ಕನ್ನಡಿ ತಿರುಗಿಸಿದಳು. "ಏನು ಕಾಣುತ್ತೆ ಪುಟ್ಟಿ?" ಅಂದ್ರು. "ಜಸ್ಟ್ ಮಾಮ್" ಅಂದಳು. "ಸರಿ, ಹೊರಡು" ಅಂದ್ರು.

ಪಾಠ ಚೆನ್ನಾಗೇ ಆಯ್ತಂತೆ. ವಾಪಸ್ ಬಂದ ಮೇಲೆ ರಾಜಿ ಒಳಗೆ ಬರಲಿಲ್ಲ, ಟ್ರಾಫಿಕ್ ಆಗುತ್ತೆ ಅಂದಳು. ಹೋಗೋವಾಗ ನನ್ನ ಕೈ ಹಿಡ್ಕೊಂಡಳು. ನಾನು ಬಿಡಿಸ್ಕೊಂಡೆ. ಇವರು ಸೋಫಾದ ಮೇಲೆ ಕೂತು ಸೊಂಟ ಒತ್ತಿಕೊಳ್ತಿದ್ರು. ಅವಲಕ್ಕಿ ತಟ್ಟೆ ಮುಂದಿಟ್ಟೆ, ಮುಟ್ಟಲಿಲ್ಲ.

"ಮಸರತ್, ಆ ಥ್ರಿಲ್ಲರ್ ಬಗ್ಗೆ ನಾನು ಹೇಳಿದ್ದು ತಪ್ಪಾಯ್ತು."

"ಏನು ತಪ್ಪು? ಸರಿಯಾಗೇ ಹೇಳಿದ್ರಿ."

"ಇಲ್ಲ. ಯಾರೂ ನಂಬಲ್ಲ ಅಂದಿದ್ದೆ."

ಆಮೇಲೆ ಎದ್ದು ಹೊರಗೆ ಹೋದರು. ನಾನು ಕಿಟಕಿಯಿಂದ ನೋಡ್ತಿದ್ದೆ. ಕಾರಿನ ಹಿಂದಿನ ಬಾಗಿಲು ತೆಗೆದು ಕೋನುಗಳನ್ನೆಲ್ಲ ಒಂದೊಂದಾಗಿ ಎತ್ತಿ ಡಿಕ್ಕಿಗೆ ಹಾಕಿದರು, ಸೀಟನ್ನ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಒಳಗೆ ಬಂದಾಗ ಯಾಕೆ ಅಂತ ಕೇಳಿದೆ. ಮುಂದಿನ ವಾರ ರಾಜಿಗೆ ಕಾಲು ಚಾಚೋಕೆ ಜಾಗ ಬೇಕಲ್ಲ ಅಂದ್ರು.