ಹಂಪ್ ಬಂತು, ಇಳೀರಿ

ಅಂಗಡಿಗೆ ಬಣ್ಣದ ಡಬ್ಬಿ ತರುತ್ತೇನೆಂದು ಹುಬ್ಬಳ್ಳಿಗೆ ಹೋದ ನಮ್ಮಣ್ಣ ಸಂಜೆಗೆ ಕಾರು ತಂದು ನಿಲ್ಲಿಸಿದ. ಅದೂ ಎಂಥ ಕಾರು! ಹೆಸರಿಗೆ ನಾಲ್ಕು ಬಾಗಿಲು, ಗುಣದಲ್ಲಿ ರೇಸಿನದು. ಡಿಕ್ಕಿಯ ಮೇಲೊಂದು ರೆಕ್ಕೆ, ನೆಲಕ್ಕೆ ಅಂಟಿಕೊಂಡ ಹೊಟ್ಟೆ. ಮೊದಲಿನ ಮಾಲೀಕ ಇನ್ನಷ್ಟು ಕೆಳಗಿಳಿದರೆ ಚಂದವೆಂದು ಸ್ಪ್ರಿಂಗುಗಳನ್ನು ಒಂದೊಂದು ಸುತ್ತು ಕತ್ತರಿಸಿದ್ದನಂತೆ. ಕೊಟ್ಟೂರಿನ ನಮ್ಮ ಓಣಿಯ ಚರಂಡಿ ಕಲ್ಲಿಗೇ ಅದರ ತಳ ಕರ್ರೆಂದು ತಾಗಿತು. ಅಣ್ಣ ಮಾತ್ರ ಮದುಮಗನ ಹಾಗೆ ನಗುತ್ತಿದ್ದ.

ಅವತ್ತಿನಿಂದ ನಮ್ಮ ಮನೆಗೊಂದು ಹೊಸ ಪದ್ಧತಿ ಬಂತು. ರಸ್ತೆಯಲ್ಲಿ ಹಂಪ್ ಕಂಡ ಕೂಡಲೇ ಅಣ್ಣ ಗಾಡಿ ನಿಲ್ಲಿಸಿ, "ಹಂಪ್ ಬಂತು, ಇಳೀರಿ" ಎನ್ನುತ್ತಿದ್ದ. ನಾವೆಲ್ಲ ಇಳಿದು ಭಾರ ಕಡಿಮೆ ಮಾಡಬೇಕು, ಅವನು ಗಾಡಿಯನ್ನು ಓರೆಯಾಗಿ ದಾಟಿಸಬೇಕು, ನಾವು ನಡೆದು ಹೋಗಿ ಮತ್ತೆ ಹತ್ತಬೇಕು. ಅವ್ವನಿಗೊಬ್ಬಳಿಗೆ ವಿನಾಯಿತಿ. ಮುಂದೆ ಕೂತರೆ ರಸ್ತೆ ಎದೆಯ ಮೇಲೇ ಬರುತ್ತದೆಂದು ಅವಳು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಮುಂದಿನ ಸೀಟು ಅತ್ತಿಗೆಯದು. ಆ ಬಾಗಿಲಿನ ಹೊರಗಿನ ಹಿಡಿ ಕೆಟ್ಟಿದೆ, ಯಾರೂ ಜಗ್ಗಬೇಡಿ, ಕಿತ್ತು ಬರುತ್ತದೆ ಎಂದು ಅಣ್ಣ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದ. ಹಾಗಾಗಿ ಪ್ರತಿ ಹಂಪಿಗೂ ಅವನೇ ಇಳಿದು, ಸುತ್ತಿ ಬಂದು, ಅತ್ತಿಗೆಗೆ ಬಾಗಿಲು ತೆಗೆದು, ಅವಳು ಕೂತ ಮೇಲೆ ಹಾಕಬೇಕಾಗುತ್ತಿತ್ತು. ಅತ್ತಿಗೆಯ ತವರು ಹಂಪಸಾಗರ. ಕೊಟ್ಟೂರಿನಿಂದ ಅಲ್ಲಿಗೆ ಹದಿನಾಲ್ಕು ಹಂಪ್. ಹದಿನಾಲ್ಕು ಸಲ ಈ ನಾಟಕ ನಡೆಯುವಷ್ಟರಲ್ಲಿ ಬಸ್ಸಿನವರು ನಮ್ಮನ್ನು ದಾಟಿ ಹೋಗಿ, ಜನ ಇಳಿಸಿ, ವಾಪಸು ಬರುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವ್ವ ಹೋದಳು. ಎರಡು ವರ್ಷದ ಹಿಂದೆ ಅಣ್ಣನೂ ಹೋದ. ಕಾರು ತಗಡಿನ ಶೆಡ್ಡಿನಲ್ಲಿ ಮೂಗು ನೆಲಕ್ಕಿಟ್ಟು ನಿಂತಿತು. ಮಾರಿಬಿಡೋಣವೆಂದು ನಾನು ಅತ್ತಿಗೆಯನ್ನು ಕೇಳಿದೆ. ನಾನು ಚಡ್ಡಿ ಹಾಕುವ ಕಾಲಕ್ಕೆ ಈ ಮನೆಗೆ ಬಂದವಳು ಅವಳು. ಅನ್ನವನ್ನೂ ಇಕ್ಕಿದ್ದಾಳೆ, ಏಟನ್ನೂ ಕೊಟ್ಟಿದ್ದಾಳೆ. ಅವಳ ಮಾತು ಮೀರಿ ನನಗೆ ಗೊತ್ತಿಲ್ಲ.

"ಒಂದ ಸಲ ಅದರಾಗ ತವರಿಗಿ ಹೋಗಿ ಬರ್ತೀನಿ ತಮ್ಮ," ಎಂದಳು. "ಆಮ್ಯಾಲೆ ಮಾರು."

ತೊಂದರೆಯೆಂದರೆ ಅವಳ ಮೊಣಕಾಲಿಗೆ ಆಪರೇಷನ್ ಆಗಿತ್ತು. ಕೋಲಿಲ್ಲದೆ ನಡೆಯುವಂತಿರಲಿಲ್ಲ, ಹದಿನಾಲ್ಕು ಸಲ ಇಳಿದು ಹತ್ತುವ ಮಾತಂತೂ ದೂರ. ಅಂದರೆ ಕಾರು ಎತ್ತರವಾಗಬೇಕು, ಜನರಿದ್ದೂ ಹಂಪ್ ದಾಟಬೇಕು. ಗ್ಯಾರೇಜಿನ ಮೇಸ್ತ್ರಿ ಕಾರಿನ ಕೆಳಗೆ ಮಲಗಿ ಎದ್ದವನು, ಶಾಕಬ್ಸರ್ ನಾಲ್ಕೂ ಎಣ್ಣೆ ಕಾರಿ ಸತ್ತಿವೆ, ಬುಷ್ ರಬ್ಬರು ಪುಡಿಯಾಗಿದೆ, ಸ್ಪ್ರಿಂಗಂತೂ ಮೊದಲೇ ಮೊಂಡು ಎಂದು ವರದಿ ಕೊಟ್ಟ. ಬೇರೆ ಗಾಡಿಯವು ಇದಕ್ಕೆ ಕೂರುವುದಿಲ್ಲ. ಈ ಮಾದರಿಯನ್ನು ಕಂಪನಿ ತಯಾರಿಸುವುದು ಬಿಟ್ಟು ವರ್ಷಗಳಾಗಿವೆ.

ಹುಡುಕಾಟಕ್ಕೆ ಹೊರಟೆ. ಹರಪನಹಳ್ಳಿಯ ಬಿಡಿಭಾಗದ ಅಂಗಡಿಯವನು ಫೋಟೋ ನೋಡಿ, ಈ ಗಾಡಿ ಇನ್ನೂ ಬದುಕಿದೆಯೇ ಎಂದು ಕ್ಷೇಮ ವಿಚಾರಿಸಿದ. ದಾವಣಗೆರೆಗೆ ಫೋನು ಹಚ್ಚಿ ಬುಷ್ ಮಾತ್ರ ತರಿಸಿಕೊಟ್ಟ. ಕೂಡ್ಲಿಗಿಯ ಹೈವೇ ಪಕ್ಕದ ಗುಜರಿಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಗಳು ಗುಡ್ಡದಷ್ಟಿದ್ದವು, ನಮಗೆ ಬೇಕಾದದ್ದು ಒಂದೂ ಇರಲಿಲ್ಲ. ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಹನ್ನೆರಡು ದಿನ ಕಾಯಿಸಿ ಮೋಟರ್ ಸೈಕಲ್ಲಿನ ಶಾಕಬ್ಸರ್ ಜೋಡಿ ಬಂತು. ಹಗರಿಬೊಮ್ಮನಹಳ್ಳಿಯಲ್ಲೊಬ್ಬ ಗ್ಯಾರೇಜಿನವನು, ಗಾಡಿ ತಂದು ತೋರಿಸಿದರೆ ನೋಡುತ್ತೇನೆ ಎಂದ. ಗಾಡಿ ಅಲ್ಲಿಗೆ ಬರಬೇಕಾದರೆ ಸಾಮಾನು ಬೇಕು, ಸಾಮಾನು ಸಿಗಬೇಕಾದರೆ ಗಾಡಿ ಬರಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಆದರೆ ಹೊರಡುವಾಗ ಅವನೇ, ಹಿರೇಹಡಗಲಿಯಲ್ಲಿ ಇಂಥದೇ ಒಂದು ಕಾರು ಇಟ್ಟಿಗೆಯ ಮೇಲೆ ನಿಂತಿದೆ ಎಂದು ಹೇಳಿದ.

ನಿಂತಿತ್ತು. ಬೆಳ್ಳುಳ್ಳಿ ವ್ಯಾಪಾರದ ಹಿರಿಯರೊಬ್ಬರ ಹಿತ್ತಿಲಲ್ಲಿ, ಬೇವಿನ ಮರದ ಕೆಳಗೆ, ಒಳಗೆಲ್ಲ ಖಾಲಿ ಚೀಲ ತುಂಬಿಕೊಂಡು. ತಂದ ವರ್ಷವೇ ಹಳ್ಳದ ನೀರಿಗೆ ಇಳಿಸಿ ಎಂಜಿನ್ ಕಳೆದುಕೊಂಡಿದ್ದರಂತೆ. ಇಟ್ಟಿಗೆಯ ಮೇಲಿದ್ದುದರಿಂದ ಸ್ಪ್ರಿಂಗಿನ ಮೇಲೆ ಭಾರವೇ ಬಿದ್ದಿರಲಿಲ್ಲ. ಕೊಟ್ಟೂರಿನ ಬಣ್ಣದಂಗಡಿ ಎಂದ ಕೂಡಲೇ ಅವರು ನನ್ನ ಮುಖವನ್ನು ದಿಟ್ಟಿಸಿ ನೋಡಿದರು.

"ನಿಮ್ಮಣ್ಣಾರಿಗೆ ನಾನ ಹೇಳಿದ್ನಿರಿ, ನನ್ನ ಗಾಡೀದು ಬಿಚ್ಚಿಕೊಂಡು ಹೋಗ್ರಿ, ನಿಮ್ಮದು ಎತ್ತರ ಆಗತೈತಿ ಅಂತ. ಬ್ಯಾಡ್ರಿ, ಹಿಂಗ ಚಂದ ಐತಿ ಅಂತ ನಕ್ಕು ಹೋದ್ರು."

ಸತ್ತವರ ಮೇಲೆ ಸಿಟ್ಟಾಗಬಾರದು. ಆದರೂ ಆದೆ. ಇಷ್ಟು ವರ್ಷ ಬಿಸಿಲಲ್ಲಿ, ಕೆಸರಲ್ಲಿ ನಮ್ಮನ್ನು ಹಂಪ್ ಹಂಪಿಗೂ ಇಳಿಸಿದನಲ್ಲ, ಸಾಮಾನು ಇಲ್ಲಿ ಬಿಟ್ಟಿ ಬಿದ್ದಿತ್ತು! ಹಿರಿಯರು ಚಹಾ ಕುಡಿಸಿ, ಚೀಲಗಳನ್ನು ತಾವೇ ಹೊರಗೆಳೆದು, ನಾಲ್ಕೂ ಗಾಲಿಯ ಸಾಮಾನು ಬಿಚ್ಚಿಸಿಕೊಟ್ಟರು.

ಮೇಸ್ತ್ರಿ ಎರಡು ದಿನ ತೆಗೆದುಕೊಂಡ. ಕಾರು ಮೂರು ಬೆರಳು ಎತ್ತರವಾಗಿ, ನಿದ್ದೆಯಿಂದ ಎದ್ದು ಕೂತಂತೆ ಕಂಡಿತು. ಹಾಗೇ ಅತ್ತಿಗೆಯ ಕಡೆಯ ಎಡಬಾಗಿಲಿನ ಹಿಡಿಯನ್ನೂ ರಿಪೇರಿ ಮಾಡೆಂದೆ. ಅವನು ಜಗ್ಗಿದ, ಬಾಗಿಲು ಸಲೀಸಾಗಿ ತೆರೆಯಿತು. ಇದಕ್ಕೇನಾಗಿದೆ ಎಂದು ನನ್ನನ್ನೇ ಕೇಳಿದ. ಎಲ್ಲೋ ಎಣ್ಣೆ ಬಿಟ್ಟು ಮರೆತಿರಬೇಕೆಂದುಕೊಂಡೆ. ನನ್ನ ಬುದ್ಧಿ ಓಡುವುದೇ ಅಷ್ಟು.

ಅತ್ತಿಗೆ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು. ಊರಾಚೆಯ ಮೊದಲ ಹಂಪ್ ಬಂದಾಗ ನಾನು ಉಸಿರು ಹಿಡಿದೆ. ಏರಿತು, ಇಳಿಯಿತು, ತಳ ತಾಗಲಿಲ್ಲ. ಎರಡನೆಯದು, ಮೂರನೆಯದು. ನಾನು ಗೆದ್ದವನ ಹಾಗೆ ಎಣಿಸುತ್ತಾ ಹೋದೆ. ಅತ್ತಿಗೆ ಭೇಷ್ ಎನ್ನುತ್ತಾಳೆಂದು ಕಾದೆ. ಅವಳು ಪ್ರತಿ ಹಂಪಿಗೂ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಹಗರಿಬೊಮ್ಮನಹಳ್ಳಿ ದಾಟಿ, ಹಂಪಸಾಗರದ ಶಾಲೆಯ ಮುಂದಿನ ಹದಿನಾಲ್ಕನೆಯದು ಕಂಡಾಗ ನಿಲ್ಲಿಸು ಎಂದಳು.

"ಇಳಿಯೋದು ಬ್ಯಾಡ್ರಿ ಅತ್ತಿಗಿ, ತಾಗಂಗಿಲ್ಲ," ಎಂದೆ.

ಅವಳು ಆಗಲೇ ಕೋಲು ಊರಿದ್ದಳು. ನಾನು ಹಂಪ್ ದಾಟಿಸಿ ನಿಲ್ಲಿಸಿದೆ. ಕನ್ನಡಿಯಲ್ಲಿ ಅವಳು ಒಂದೊಂದೇ ಹೆಜ್ಜೆಯಿಟ್ಟು ಬರುವುದು ಕಾಣುತ್ತಿತ್ತು. ಬಂದು ಬಾಗಿಲ ಹತ್ತಿರ ನಿಂತಳು. ಹಿಡಿಯನ್ನು ಮುಟ್ಟಲಿಲ್ಲ. ಹಿಡಿ ಈಗ ಸರಿಯಾಗಿದೆ, ಜಗ್ಗಿದರೆ ಬರುತ್ತದೆ ಎಂದು ನಾನು ಒಳಗಿನಿಂದಲೇ ಹೇಳಿದೆ.

"ಅದು ಯಾವತ್ತೂ ಕೆಟ್ಟಿದ್ದಿಲ್ಲ ತಮ್ಮ," ಎಂದಳು ಅತ್ತಿಗೆ. "ಹಿಂದ ಅತ್ತಿ ಕೂತಿರತಿದ್ರಲ್ಲ."

ಹಿರೇಹಡಗಲಿಯಲ್ಲಿ ಅಣ್ಣ 'ಹಿಂಗ ಚಂದ ಐತಿ' ಎಂದದ್ದೇಕೆಂದು ಆಗ ನನಗೆ ತಿಳಿಯಿತು. ನಮ್ಮ ಮನೆಯಲ್ಲಿ ಹಿರಿಯರ ಮುಂದೆ ಗಂಡಸು ಹೆಂಡತಿಗೆ ನೀರಿನ ಲೋಟ ಕೊಟ್ಟರೂ ಮಾತಾಗುತ್ತಿತ್ತು. ಅಂಥ ಮನೆಯಲ್ಲಿ ಅಣ್ಣ ಒಂದು ದಾರಿಗೆ ಹದಿನಾಲ್ಕು ಸಲ ಅವಳಿಗೆ ಬಾಗಿಲು ತೆಗೆದಿದ್ದ. ನಾನೋ, ಊರೂರು ಅಲೆದು ಅದನ್ನೇ ರಿಪೇರಿ ಮಾಡಿಸಿದ್ದೆ. ಎಂಜಿನ್ ಆರಿಸಿ, ಇಳಿದು, ಸುತ್ತಿ ಹೋಗಿ ಬಾಗಿಲು ತೆಗೆದೆ. ಅವಳು ಮೊದಲು ಕೂತು, ಆಮೇಲೆ ಕೈಯಿಂದ ಎತ್ತಿ ಮೊಣಕಾಲನ್ನು ಒಳಗಿಟ್ಟುಕೊಂಡಳು.

"ಮೆಲ್ಲಕ ಹಾಕು," ಎಂದಳು. "ಅವರು ಸಪ್ಪಳ ಮಾಡತಿದ್ದಿಲ್ಲ."

ನಾನು ಎರಡೂ ಕೈಯಿಂದ ಹಿಡಿದು, ಮೆಲ್ಲಗೆ ಹಾಕಿದೆ.